ಟ್ರಾಕ್ಟರಿನ ಕ್ಲಚ್ ಜಾರಿದಾಗ

(ಮುಂಗಾರಿಗೆ ಮೊದಲು ನಡೆದ ರೈತರ ಶಿಬಿರದಲ್ಲಿ ಟ್ರಾಕ್ಟರ್ ಮೇಸ್ತ್ರಿಯೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಕೈಯಲ್ಲಿ ಸ್ಪಾನರು ಹಿಡಿದು ಟ್ರಾಕ್ಟರಿನ ಕೆಳಗೆ ಮಲಗಿ ಕೆಲಸ ಮಾಡಿ ಬದುಕಿದವನು. ಆದುದರಿಂದ ದೊಡ್ಡ ಮಾತುಗಳನ್ನು ನನ್ನಿಂದ ನಿರೀಕ್ಷಿಸಬೇಡಿ. ಮಳೆಗಾಲ ಹತ್ತಿರ ಬಂದಿದೆ. ಇನ್ನು ಕೆಲವು ದಿನಗಳಲ್ಲಿ ನಿಮ್ಮ ಟ್ರಾಕ್ಟರುಗಳಿಗೆ ಹಗಲು ರಾತ್ರಿ ಕೆಲಸ. ಈ ಸಮಯದಲ್ಲಿ ನನ್ನ ಹತ್ತಿರ ಬರುವ ದೂರುಗಳಲ್ಲಿ ಒಂದು ಬಹಳ ಸಾಮಾನ್ಯವಾದದ್ದು: "ಮೇಸ್ತ್ರಿ, ಎಂಜಿನ್ ಕೂಗುತ್ತದೆ, ಗಾಡಿ ಎಳೆಯೋದಿಲ್ಲ." ಇದನ್ನೇ ಕ್ಲಚ್ ಜಾರುವುದು ಎನ್ನುತ್ತಾರೆ. ಈ ರೋಗವನ್ನು ರೈತನು ತಾನೇ ಗುರುತಿಸುವುದು ಹೇಗೆ, ಮನೆಯಲ್ಲೇ ಮಾಡಿಕೊಳ್ಳಬಹುದಾದದ್ದು ಯಾವುದು, ವರ್ಕ್‌ಷಾಪಿಗೆ ಒಯ್ಯಬೇಕಾದದ್ದು ಯಾವುದು ಎಂಬುದನ್ನು ಇಂದು ನನಗೆ ತಿಳಿದಮಟ್ಟಿಗೆ ಹೇಳುತ್ತೇನೆ.

1952ರ ಅಕ್ಟೋಬರ್ 2ರಂದು ನಮ್ಮ ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದಾಗ ಹಳ್ಳಿಯಲ್ಲಿ ಟ್ರಾಕ್ಟರ್ ಬಂದರೆ ಜನ ಜಾತ್ರೆಯಂತೆ ಕೂಡಿ ನೋಡುತ್ತಿದ್ದರು. ಭಾರತದಲ್ಲಿಯೇ ತಯಾರಾದ ಮೊದಲ ಟ್ರಾಕ್ಟರು 1959ರಲ್ಲಿ ಫರೀದಾಬಾದಿನ ಐಷರ್ ಕಾರ್ಖಾನೆಯಿಂದ ಹೊರಬಂತು. ಇಂದು ಟ್ರಾಕ್ಟರ್ ಇಲ್ಲದ ಊರನ್ನು ಹುಡುಕಬೇಕಾಗಿದೆ. ಎತ್ತಿನ ಬೇನೆಯನ್ನು ಅದರ ಮೆಲುಕಿನಿಂದ, ಕಿವಿಯಿಂದ, ಸೆಗಣಿಯಿಂದ ತಿಳಿಯುತ್ತಿದ್ದವರು ನಿಮ್ಮ ಹಿರಿಯರು. ಆ ಕಣ್ಣು ನಿಮಗೂ ಇದೆ. ಅದನ್ನು ಯಂತ್ರದ ಮೇಲೂ ಇಡಬೇಕು, ಅಷ್ಟೆ.

ನಾನು ಮಾಡಿದ ಒಂದು ತಪ್ಪು

ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ನಾನು ಕೆಲಸ ಕಲಿತು ಸ್ವಂತವಾಗಿ ರಿಪೇರಿ ಮಾಡತೊಡಗಿದ್ದ ಹೊಸತು. ಆರಿದ್ರಾ ಮಳೆ ಚೆನ್ನಾಗಿ ಬಿದ್ದು ನೆಲ ಹದಕ್ಕೆ ಬಂದಿತ್ತು. ಯಜಮಾನರೊಬ್ಬರು ಕಡಲೆಕಾಯಿ ಬಿತ್ತುವುದಕ್ಕೆ ಬೀಜ ಸುಲಿಸಿ ಇಟ್ಟುಕೊಂಡಿದ್ದರು. ಅವರ ಟ್ರಾಕ್ಟರಿನ ಕ್ಲಚ್ ಜಾರುತ್ತಿತ್ತು. ನಾನು ಹೋದವನೇ ಒಂದು ಸುತ್ತು ಓಡಿಸಿ ನೋಡಿ, "ಕ್ಲಚ್ ಪ್ಲೇಟು ಹೋಗಿದೆ, ನಡು ಬಿಚ್ಚಬೇಕು" ಎಂದುಬಿಟ್ಟೆ. ಟ್ರಾಕ್ಟರನ್ನು ಎರಡು ಹೋಳು ಮಾಡಿ ನೋಡಿದರೆ ಪ್ಲೇಟು ಚೆನ್ನಾಗಿಯೇ ಇದೆ. ಲೈನಿಂಗು ದಪ್ಪವಾಗಿದೆ, ಒಣಗಿದೆ. ನನಗೆ ಕೈಕಾಲು ಆಡಲಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯ ಮೇಸ್ತ್ರಿಯವರನ್ನು ಕರೆತಂದೆ. ಅವರು ಬಿಚ್ಚಿದ ಭಾಗದ ಕಡೆ ನೋಡಲೇ ಇಲ್ಲ. ನೇರವಾಗಿ ಪೆಡಲಿನ ಹತ್ತಿರ ಕುಳಿತು ಅದನ್ನು ಕೈಯಿಂದ ಮೇಲಕ್ಕೆತ್ತಿದರು. ಪೆಡಲು ಇನ್ನೂ ಒಂದು ಅಂಗುಲ ಮೇಲಕ್ಕೆ ಬಂತು. ಅದನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗು ಮುರಿದುಹೋಗಿತ್ತು. ಕೀಲಿನಲ್ಲಿ ಕೆಸರು ಗಟ್ಟಿಯಾಗಿ ಕೂತಿತ್ತು. ಪೆಡಲು ಪೂರ್ತಿ ಮೇಲೆ ಬಾರದೆ ಯಾವಾಗಲೂ ಸ್ವಲ್ಪ ಒತ್ತಿಕೊಂಡೇ ಇತ್ತು. ರೋಗ ಅಷ್ಟೇ.

ಬಿಚ್ಚಿದ್ದನ್ನು ಕೂಡಿಸುವ ಹೊತ್ತಿಗೆ ನಾಲ್ಕು ದಿನ ಹೋಯಿತು. ಗಾಳಿ ಬೀಸಿ ನೆಲ ಒಣಗಿತು. ಅಕ್ಕಪಕ್ಕದ ಹೊಲಗಳಲ್ಲಿ ಮೊಳಕೆ ಕಾಣುತ್ತಿತ್ತು. ಆ ಯಜಮಾನರು ನನ್ನನ್ನು ಬೈಯಲಿಲ್ಲ. "ದುಡ್ಡು ಹೋದರೆ ಸಂಪಾದಿಸಬಹುದು ಮೇಸ್ತ್ರಿ, ಹೋದ ಹದ ಬರುತ್ತದೆಯೇ?" ಎಂದರು. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಅಂದಿನಿಂದ ಕಣ್ಣಿಗೆ ಕಾಣುವುದನ್ನು ಪೂರ್ತಿ ನೋಡಿ ಮುಗಿಸುವವರೆಗೆ ನಾನು ಸ್ಪಾನರನ್ನು ಮುಟ್ಟುವುದಿಲ್ಲ. ನೀವೂ ಮುಟ್ಟಲು ಬಿಡಬೇಡಿ ಎಂದು ಹೇಳುವುದಕ್ಕಾಗಿಯೇ ಇಂದು ಬಂದಿದ್ದೇನೆ.

ಕ್ಲಚ್ ಮಾಡುವ ಕೆಲಸವೇನು?

ನೇಗಿಲಿನ ಈಸನ್ನು ನೊಗಕ್ಕೆ ಮಿಣಿಯಿಂದ ಬಿಗಿಯುತ್ತೀರಿ. ಮಿಣಿ ಬಿಗಿಯಾಗಿದ್ದರೆ ಎತ್ತಿನ ಬಲವೆಲ್ಲ ನೇಗಿಲಿಗೆ ಬರುತ್ತದೆ. ಮಿಣಿ ಸಡಿಲವಾದರೆ ಎತ್ತು ಮುಂದಕ್ಕೆ ಹೋಗುತ್ತದೆ, ನೇಗಿಲು ಹಿಂದೆ ಉಳಿಯುತ್ತದೆ. ಟ್ರಾಕ್ಟರಿನಲ್ಲಿ ಎಂಜಿನ್ನೇ ಎತ್ತು, ಕ್ಲಚ್ಚೇ ಮಿಣಿ.

ಎಂಜಿನ್ನಿನ ಹಿಂಭಾಗದಲ್ಲಿ ಫ್ಲೈವೀಲು ಎಂಬ ಭಾರವಾದ ಚಕ್ರ ತಿರುಗುತ್ತಿರುತ್ತದೆ. ಅದರ ಹಿಂದೆ ಪ್ರೆಷರ್ ಪ್ಲೇಟು. ಇವೆರಡರ ನಡುವೆ, ಎರಡು ಅಂಗೈಗಳ ನಡುವೆ ರೊಟ್ಟಿಯನ್ನು ಹಿಡಿದಂತೆ, ಕ್ಲಚ್ ಪ್ಲೇಟು ಇರುತ್ತದೆ. ಅದರ ಎರಡು ಮುಖಗಳಿಗೂ ಒರಟಾದ ಲೈನಿಂಗು ಹಚ್ಚಿರುತ್ತದೆ. ಬಲವಾದ ಸ್ಪ್ರಿಂಗುಗಳು ಪ್ರೆಷರ್ ಪ್ಲೇಟನ್ನು ಅದುಮಿ ಹಿಡಿದಿರುವುದರಿಂದ ಮೂರೂ ಒಂದಾಗಿ ತಿರುಗುತ್ತವೆ. ಎಂಜಿನ್ನಿನ ಬಲ ಗೇರ್ ಬಾಕ್ಸಿಗೆ ಹೋಗುತ್ತದೆ. ನೀವು ಪೆಡಲನ್ನು ಒತ್ತಿದಾಗ ರಿಲೀಸ್ ಬೇರಿಂಗು ಮುಂದೆ ಹೋಗಿ ಫಿಂಗರುಗಳನ್ನು ಒತ್ತುತ್ತದೆ, ಪ್ರೆಷರ್ ಪ್ಲೇಟು ಹಿಂದೆ ಸರಿಯುತ್ತದೆ, ನಡುವಿನ ಪ್ಲೇಟು ಸಡಿಲವಾಗುತ್ತದೆ. ಆಗ ಗೇರು ಹಾಕಬಹುದು.

ಹೀಗಿರುವುದರಿಂದ ಕ್ಲಚ್ ಜಾರುವುದಕ್ಕೆ ಮೂಲದಲ್ಲಿ ಎರಡೇ ಕಾರಣ. ಒಂದು, ಅದುಮುವ ಬಲ ಕಡಿಮೆಯಾಗಿರಬೇಕು. ಇನ್ನೊಂದು, ಲೈನಿಂಗಿನ ಹಿಡಿತ ಹೋಗಿರಬೇಕು. ಈ ಎರಡನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಜಾರುವುದು ಕ್ಲಚ್ಚೇ ಹೌದೇ?

ಟ್ರಾಕ್ಟರು ಎಳೆಯದಿದ್ದರೆ ಅದು ಕ್ಲಚ್ಚಿನ ದೋಷವೇ ಆಗಿರಬೇಕೆಂದಿಲ್ಲ. ಮೊದಲು ಕಣ್ಣು ಮತ್ತು ಕಿವಿಗಳಿಂದ ಪರೀಕ್ಷೆ ಮಾಡಿ.

ನೇಗಿಲು ನೆಲಕ್ಕೆ ಇಳಿದಾಗ ಹಿಂದಿನ ಚಕ್ರಗಳನ್ನು ನೋಡಿ. ಚಕ್ರ ತಿರುಗುತ್ತಿದೆ, ಟ್ರಾಕ್ಟರು ಮುಂದೆ ಹೋಗುತ್ತಿಲ್ಲ ಎಂದರೆ ಅದು ಚಕ್ರ ಜಾರುವುದು, ಕ್ಲಚ್ಚಿನ ತಪ್ಪಲ್ಲ. ಟೈರಿನ ಹಲ್ಲು ಸವೆದಿರಬಹುದು, ನೆಲ ಹೆಚ್ಚು ಒದ್ದೆ ಇರಬಹುದು, ಹಿಂದಿನ ಚಕ್ರದ ಮೇಲೆ ಭಾರ ಸಾಲದಿರಬಹುದು.

ಎರಡನೆಯದಾಗಿ ಎಂಜಿನ್ನಿನ ಸದ್ದು ಕೇಳಿ. ಭಾರ ಬಿದ್ದ ಕೂಡಲೇ ಸದ್ದು ಕುಗ್ಗಿ, ಕರಿ ಹೊಗೆ ಕಾರಿ, ಎಂಜಿನ್ ನಿಲ್ಲುವ ಹಾಗೆ ಆದರೆ ಬಲ ಸಾಲದೆಂದು ಅರ್ಥ. ಏರ್ ಕ್ಲೀನರು ಕಟ್ಟಿರಬಹುದು, ಡೀಸೆಲ್ ಫಿಲ್ಟರು ಕಟ್ಟಿರಬಹುದು, ಇಲ್ಲವೆ ನೀವೇ ದೊಡ್ಡ ಗೇರಿನಲ್ಲಿ ಆಳಕ್ಕೆ ಉಳುತ್ತಿರಬಹುದು. ಬ್ರೇಕು ಬಿಡದೆ ಹಿಡಿದುಕೊಂಡಿದ್ದರೂ ಹೀಗೆಯೇ ಆಗುತ್ತದೆ. ಇಲ್ಲಿ ಕ್ಲಚ್ ಹಿಡಿದೇ ಇದೆ. ಹಿಡಿದಿರುವುದರಿಂದಲೇ ಎಂಜಿನ್ ಸೊರಗುತ್ತಿದೆ.

ಮೂರನೆಯದೇ ನಮ್ಮ ರೋಗ. ಭಾರ ಬಿದ್ದಾಗ ಎಂಜಿನ್ನಿನ ಸದ್ದು ಕುಗ್ಗುವುದರ ಬದಲು ಏರುತ್ತದೆ; ಆದರೆ ಹಿಂದಿನ ಚಕ್ರ ನಿಧಾನವಾಗುತ್ತದೆ ಅಥವಾ ನಿಂತೇಹೋಗುತ್ತದೆ. ಟ್ರೇಲರ್ ಕಟ್ಟಿ ದಿಬ್ಬ ಏರುವಾಗ ಇದು ಮೊದಲು ಕಾಣುತ್ತದೆ. ಸ್ವಲ್ಪ ಹೊತ್ತಿನಲ್ಲಿ ಸುಟ್ಟ ವಾಸನೆ ಬರುತ್ತದೆ. ಎಂಜಿನ್ ಜೋರು, ಚಕ್ರ ನಿಧಾನ, ಸುಟ್ಟ ವಾಸನೆ: ಈ ಮೂರು ಕೂಡಿದರೆ ಸಂದೇಹವೇ ಬೇಡ, ಕ್ಲಚ್ ಜಾರುತ್ತಿದೆ.

ಇನ್ನೊಂದು ಮಾತು. ಗೇರು ಹಾಕುವಾಗ ಕರಕರ ಎಂದು ಸದ್ದು ಬಂದರೆ, ಪೆಡಲು ಒತ್ತಿದರೂ ಟ್ರಾಕ್ಟರು ಮುಂದಕ್ಕೆ ತೆವಳಿದರೆ, ಅದು ಜಾರುವುದಕ್ಕೆ ನೇರ ವಿರುದ್ಧವಾದ ರೋಗ. ಅಲ್ಲಿ ಕ್ಲಚ್ ಬಿಡುತ್ತಿಲ್ಲ. ಎರಡಕ್ಕೂ ಔಷಧ ಬೇರೆ ಬೇರೆ. ಮೇಸ್ತ್ರಿಗೆ ಹೇಳುವಾಗ "ಕ್ಲಚ್ ಸರಿ ಇಲ್ಲ" ಎಂದಷ್ಟೇ ಹೇಳದೆ, "ಹಿಡಿಯುವುದಿಲ್ಲ" ಅಥವಾ "ಬಿಡುವುದಿಲ್ಲ" ಎಂದು ಬಿಡಿಸಿ ಹೇಳಿ.

ನಿಂತಲ್ಲೇ ಮಾಡುವ ಪರೀಕ್ಷೆ

ಸಂದೇಹ ಉಳಿದರೆ ಹೀಗೆ ಮಾಡಿ. ಟ್ರಾಕ್ಟರನ್ನು ಸಮನಾದ ಬಯಲಿನಲ್ಲಿ ನಿಲ್ಲಿಸಿ. ಮುಂದೆಯಾಗಲಿ ಹಿಂದೆಯಾಗಲಿ ಒಬ್ಬರೂ ನಿಲ್ಲಕೂಡದು. ಮಕ್ಕಳನ್ನು ದೂರ ಕಳುಹಿಸಿ. ಎರಡು ಬ್ರೇಕ್ ಪೆಡಲುಗಳನ್ನೂ ಕೊಂಡಿ ಹಾಕಿ ಜೋಡಿಸಿ, ಬಲಗಾಲಿನಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಕ್ಲಚ್ ಒತ್ತಿ ದೊಡ್ಡ ಗೇರು ಹಾಕಿ. ಎಂಜಿನ್ನನ್ನು ಮಧ್ಯಮ ವೇಗಕ್ಕೆ ತಂದು ಕ್ಲಚ್ಚನ್ನು ಮೆಲ್ಲನೆ ಬಿಡಿ. ಕ್ಲಚ್ ಚೆನ್ನಾಗಿದ್ದರೆ ಎಂಜಿನ್ ಕುಗ್ಗಿ ನಿಂತುಹೋಗಬೇಕು. ಪೆಡಲು ಪೂರ್ತಿ ಬಿಟ್ಟರೂ ಎಂಜಿನ್ ತಿರುಗುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ. ಆ ಕ್ಷಣವೇ ಪೆಡಲನ್ನು ಮತ್ತೆ ಒತ್ತಿ, ಗೇರು ತೆಗೆಯಿರಿ. ಒಂದೆರಡು ಸೆಕೆಂಡಿಗಿಂತ ಹೆಚ್ಚು ಬಿಡಬೇಡಿ, ಪದೇ ಪದೇ ಮಾಡಬೇಡಿ. ಪರೀಕ್ಷೆಯ ಹೆಸರಿನಲ್ಲಿ ಉಳಿದಿರುವ ಲೈನಿಂಗನ್ನೂ ಸುಟ್ಟುಕೊಳ್ಳುವುದು ಜಾಣತನವಲ್ಲ.

ಮೊದಲು ನೋಡಬೇಕಾದದ್ದು ಪೆಡಲು

ಕ್ಲಚ್ ಜಾರುತ್ತಿದೆ ಎಂದು ಗೊತ್ತಾಯಿತು. ಈಗ ಎಂಜಿನ್ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಪೆಡಲಿನ ಹತ್ತಿರ ಕುಳಿತುಕೊಳ್ಳಿ.

ಪೆಡಲನ್ನು ಕೈಯಿಂದ ಒತ್ತಿ ನೋಡಿ. ಮೊದಲು ಸ್ವಲ್ಪ ದೂರ ಅದು ಹಗುರವಾಗಿ ಹೋಗಬೇಕು. ಆಮೇಲೆ ಬಿಗಿ ಸಿಗಬೇಕು. ಈ ಹಗುರವಾದ ಓಟಕ್ಕೆ ಫ್ರೀ ಪ್ಲೇ ಎನ್ನುತ್ತೇವೆ. ಅಳತೆಪಟ್ಟಿ ಇಟ್ಟು ಅಳೆಯಿರಿ. ಬಹಳ ಟ್ರಾಕ್ಟರುಗಳಲ್ಲಿ ಇದು 20ರಿಂದ 40 ಮಿಲಿಮೀಟರ್, ಎಂದರೆ ಮುಕ್ಕಾಲು ಅಂಗುಲದಿಂದ ಒಂದೂವರೆ ಅಂಗುಲದವರೆಗೆ ಇರುತ್ತದೆ. ನಿಮ್ಮ ಟ್ರಾಕ್ಟರಿಗೆ ಎಷ್ಟಿರಬೇಕೆಂಬುದು ಅದರ ಜತೆ ಕೊಟ್ಟ ಕೈಪಿಡಿಯಲ್ಲಿದೆ. ಆ ಅಂಕಿಯೇ ಪ್ರಮಾಣ, ನನ್ನ ಮಾತಲ್ಲ.

ಲೈನಿಂಗು ಸವೆಯುತ್ತ ಬಂದ ಹಾಗೆಲ್ಲ ಪ್ರೆಷರ್ ಪ್ಲೇಟು ಮುಂದಕ್ಕೆ ಸರಿಯುತ್ತದೆ, ಫಿಂಗರುಗಳ ತುದಿ ಹಿಂದಕ್ಕೆ ಬಂದು ಬೇರಿಂಗಿನ ಹತ್ತಿರವಾಗುತ್ತದೆ. ಆದುದರಿಂದ ಫ್ರೀ ಪ್ಲೇ ತಾನಾಗಿಯೇ ಕಡಿಮೆಯಾಗುತ್ತ ಹೋಗುತ್ತದೆ. ಅದು ಪೂರ್ತಿ ಇಲ್ಲವಾದರೆ ಬೇರಿಂಗು ಫಿಂಗರುಗಳನ್ನು ಸದಾ ಒತ್ತಿಕೊಂಡೇ ಇರುತ್ತದೆ. ನೀವು ಕಾಲು ಇಡದಿದ್ದರೂ ಯಾರೋ ಪೆಡಲಿನ ಮೇಲೆ ಕಾಲಿಟ್ಟ ಹಾಗೆ. ಅದುಮುವ ಬಲ ಕಡಿಮೆಯಾಗಿ ಕ್ಲಚ್ ಜಾರುತ್ತದೆ, ಜಾರಿದರೆ ಕಾಯುತ್ತದೆ, ಕಾದರೆ ಇನ್ನಷ್ಟು ಸವೆಯುತ್ತದೆ. ಬೇರಿಂಗೂ ಹಾಳಾಗುತ್ತದೆ. ಸಕಾಲದಲ್ಲಿ ಒಂದು ನಟ್ಟು ತಿರುಗಿಸಿದ್ದರೆ ಉಳಿಯುತ್ತಿದ್ದ ಕ್ಲಚ್ಚು ಹೀಗೆ ಹಾಳಾಗುತ್ತದೆ.

ಪ್ಲೇ ಸರಿಮಾಡುವುದು ಕಷ್ಟವಲ್ಲ. ಪೆಡಲಿನಿಂದ ಹಿಂದೆ ಹೋಗುವ ಕಂಬಿಯಲ್ಲಿ ಲಾಕ್ ನಟ್ಟು ಇರುತ್ತದೆ. ಅದನ್ನು ಸಡಿಲಿಸಿ, ಕಂಬಿಯ ಉದ್ದವನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸಿ, ಪ್ರತಿ ಸಲವೂ ಪೆಡಲನ್ನು ಅಳೆದು ನೋಡಿ, ಕೈಪಿಡಿಯ ಅಳತೆಗೆ ತಂದು ಲಾಕ್ ನಟ್ಟನ್ನು ಮತ್ತೆ ಬಿಗಿಯಿರಿ. ಹೆಚ್ಚು ಕೊಟ್ಟರೆ ಒಳ್ಳೆಯದೆಂದು ಭಾವಿಸಬೇಡಿ. ಹೆಚ್ಚಾದರೆ ಕ್ಲಚ್ ಬಿಡದೆ ಗೇರುಗಳ ಹಲ್ಲು ಮುರಿಯುತ್ತವೆ. ಈಗಿನ ಕೆಲವು ಟ್ರಾಕ್ಟರುಗಳಲ್ಲಿ ಕಂಬಿಯ ಬದಲು ಎಣ್ಣೆಯ ಒತ್ತಡದಿಂದ ಕ್ಲಚ್ ಕೆಲಸಮಾಡುತ್ತದೆ. ಅಂಥದಕ್ಕೆ ಕೈಹಾಕದೆ ತಿಳಿದವರಿಗೆ ತೋರಿಸಿ.

ಪ್ಲೇ ಸರಿಮಾಡುವ ಮೊದಲು ನಾನು ಅಂದು ನೋಡದೇ ಬಿಟ್ಟದ್ದನ್ನು ನೀವು ನೋಡಿ. ಪೆಡಲಿನ ಸ್ಪ್ರಿಂಗು ಇದೆಯೇ? ಕೀಲು ಸರಾಗವಾಗಿ ಆಡುತ್ತದೆಯೇ? ಗ್ರೀಸ್ ಕಂಡು ಎಷ್ಟು ಕಾಲವಾಯಿತು? ಪೆಡಲಿನ ಕೆಳಗೆ ಕೆಸರು, ಗೋಣಿ, ಕಲ್ಲು ಏನಾದರೂ ಸಿಕ್ಕಿಕೊಂಡಿದೆಯೇ? ಬಿಟ್ಟ ಕೂಡಲೇ ಪೆಡಲು ಟಕ್ಕೆಂದು ಮೇಲೆ ಬರುತ್ತದೆಯೇ? ಈ ಐದು ಪ್ರಶ್ನೆಗಳಿಗೆ ಒಂದು ಕಾಸೂ ಖರ್ಚಿಲ್ಲ.

ಎರಡನೆಯದು ಎಣ್ಣೆ

ಪ್ಲೇ ಸರಿಯಾಗಿದೆ, ಆದರೂ ಜಾರುತ್ತದೆ. ಆಗ ಟ್ರಾಕ್ಟರಿನ ಹೊಟ್ಟೆಯ ಕೆಳಗೆ ನೋಡಿ. ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕ್ಲಚ್ಚಿನ ಕೋಣೆ ಇದೆ. ಹಲವು ಟ್ರಾಕ್ಟರುಗಳಲ್ಲಿ ಅದರ ತಳದಲ್ಲಿ ಒಂದು ಚಿಕ್ಕ ರಂಧ್ರ ಇರುತ್ತದೆ. ಅಲ್ಲಿಂದ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಕ್ಲಚ್ ಪ್ಲೇಟಿಗೂ ಎಣ್ಣೆ ತಗುಲಿರುವ ಸಂಭವವಿದೆ. ಎಣ್ಣೆ ಹಚ್ಚಿದ ಅಂಗೈಯಲ್ಲಿ ಗುದ್ದಲಿ ಹಿಡಿದರೆ ಹೇಗೆ ಜಾರುತ್ತದೆಯೋ ಹಾಗೆ ಪ್ಲೇಟು ಜಾರುತ್ತದೆ.

ಆ ಎಣ್ಣೆ ಎರಡು ಕಡೆಯಿಂದ ಬರಬಹುದು. ಮುಂದಿನಿಂದ ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲು ಹೋಗಿ ಎಂಜಿನ್ ಆಯಿಲ್ ಬರಬಹುದು. ಹಿಂದಿನಿಂದ ಗೇರ್ ಬಾಕ್ಸಿನ ಸೀಲು ಹೋಗಿ ಗೇರ್ ಆಯಿಲ್ ಬರಬಹುದು. ಬೆರಳಿಗೆ ಹಚ್ಚಿ ನೋಡಿ. ಕೆಲಸಮಾಡಿದ ಎಂಜಿನ್ ಆಯಿಲು ಕಪ್ಪಾಗಿರುತ್ತದೆ. ಗೇರ್ ಬಾಕ್ಸಿನ ಎಣ್ಣೆ ಸಾಮಾನ್ಯವಾಗಿ ಅಷ್ಟು ಕಪ್ಪಾಗಿರುವುದಿಲ್ಲ. ಎರಡರ ಮಟ್ಟವನ್ನೂ ಅಳತೆಕಡ್ಡಿಯಿಂದ ನೋಡಿದರೆ ಯಾವುದು ಕಡಿಮೆಯಾಗುತ್ತಿದೆ ಎಂಬುದು ತಿಳಿಯುತ್ತದೆ.

ಎಣ್ಣೆ ಹಿಡಿದ ಪ್ಲೇಟಿಗೆ ಮನೆಮದ್ದು ಇಲ್ಲ. ರಂಧ್ರದಿಂದ ಸೀಮೆಎಣ್ಣೆ ಎರಚಿ ತೊಳೆಯುವುದು, ಪುಡಿ ತೂರುವುದು ಇವನ್ನು ಯಾರು ಹೇಳಿದರೂ ಮಾಡಬೇಡಿ. ಬಿಚ್ಚಲೇಬೇಕು. ಬಿಚ್ಚಿ ಪ್ಲೇಟು ಮಾತ್ರ ಹಾಕಿ ಸೀಲನ್ನು ಹಾಗೆಯೇ ಬಿಟ್ಟರೆ ಹೊಸ ಪ್ಲೇಟಿಗೂ ಅದೇ ಗತಿ.

ಕೆರೆಯ ಹಿಂದೆ ಗದ್ದೆ ಇರುವವರಿಗೆ ಒಂದು ಮಾತು. ಕೆಸರು ಗದ್ದೆಯ ಉಳುಮೆಯಲ್ಲಿ ಈ ಕೋಣೆಯೊಳಗೆ ನೀರು, ಕೆಸರು ನುಗ್ಗುತ್ತದೆ. ಅದಕ್ಕಾಗಿ ಕೆಲವು ಟ್ರಾಕ್ಟರುಗಳಿಗೆ ಆ ರಂಧ್ರ ಮುಚ್ಚುವ ಬಿರಡೆ ಕೊಟ್ಟಿರುತ್ತಾರೆ. ಗದ್ದೆಗೆ ಇಳಿಯುವ ಮೊದಲು ಹಾಕಿ, ಮೇಲೆ ಬಂದ ಕೂಡಲೇ ತೆಗೆಯಬೇಕು. ತೆಗೆಯುವುದನ್ನು ಮರೆತರೆ ಒಳಗೆ ಸೋರಿದ ಎಣ್ಣೆ ಹೊರಗೆ ಬರುವುದಕ್ಕೆ ದಾರಿಯಿಲ್ಲದೆ ಪ್ಲೇಟನ್ನೇ ನೆನೆಸುತ್ತದೆ.

ಮೂರನೆಯದು ಸವೆತ

ಪ್ಲೇ ಸರಿಮಾಡಿದರೂ ಕೆಲವೇ ದಿನಗಳಲ್ಲಿ ಮತ್ತೆ ಇಲ್ಲವಾದರೆ, ಸರಿಮಾಡುವ ಕಂಬಿಯ ಮರೆ ತುದಿಗೆ ಬಂದಿದ್ದರೆ, ಎಣ್ಣೆಯ ಸುಳಿವಿಲ್ಲದಿದ್ದರೆ, ಲೈನಿಂಗಿನ ಆಯುಸ್ಸು ಮುಗಿಯಿತೆಂದು ತಿಳಿಯಿರಿ. ಬೆಳಗ್ಗೆ ಚೆನ್ನಾಗಿ ಎಳೆದು, ಬಿಸಿಯಾದ ಮೇಲೆ ಜಾರತೊಡಗಿದರೆ ಹಿಡಿತ ಅಂಚಿಗೆ ಬಂದಿದೆ ಎಂದೇ ಅರ್ಥ. ಇನ್ನೂ ಓಡಿಸಿದರೆ ಲೈನಿಂಗನ್ನು ಹಿಡಿದಿರುವ ರಿವೆಟ್ಟುಗಳು ಮೇಲೆದ್ದು ಫ್ಲೈವೀಲಿನ ಮುಖವನ್ನು ಗೀರುತ್ತವೆ. ಆಗ ಒಂದು ಪ್ಲೇಟಿನ ಖರ್ಚು ಹೋಗಿ ಫ್ಲೈವೀಲನ್ನು ಕಡೆಸುವ ಖರ್ಚೂ ಸೇರುತ್ತದೆ. ಅತಿಯಾಗಿ ಕಾದ ಪ್ರೆಷರ್ ಪ್ಲೇಟಿನ ಸ್ಪ್ರಿಂಗುಗಳು ಬಲ ಕಳೆದುಕೊಳ್ಳುತ್ತವೆ. ಆಗ ಹೊಸ ಪ್ಲೇಟು ಹಾಕಿದರೂ ಜಾರುವುದು ನಿಲ್ಲದು.

ಎರಡು ಕ್ಲಚ್ಚಿನ ಟ್ರಾಕ್ಟರು

ಈಗ ಅನೇಕ ಟ್ರಾಕ್ಟರುಗಳಲ್ಲಿ ಜೋಡಿ ಕ್ಲಚ್ ಇದೆ. ಪೆಡಲನ್ನು ಅರ್ಧ ಒತ್ತಿದರೆ ಟ್ರಾಕ್ಟರು ನಿಲ್ಲುತ್ತದೆ, ಪೂರ್ತಿ ಒತ್ತಿದರೆ ಪಿ.ಟಿ.ಓ. ಕೂಡ ನಿಲ್ಲುತ್ತದೆ. ಇಲ್ಲಿ ರೋಗ ಯಾವುದರಲ್ಲಿ ಎಂದು ಬೇರ್ಪಡಿಸಿ ನೋಡಬೇಕು. ಟ್ರೇಲರನ್ನು ಚೆನ್ನಾಗಿ ಎಳೆಯುತ್ತದೆ, ಆದರೆ ರೋಟವೇಟರು ನೆಲ ಮುಟ್ಟಿದೊಡನೆ ನಿಧಾನವಾಗುತ್ತದೆ ಎಂದರೆ ಪಿ.ಟಿ.ಓ. ಕ್ಲಚ್ಚಿನ ಕಡೆ ದೋಷ. ಆದರೆ ರೋಟವೇಟರಿನ ಷಾಫ್ಟಿನಲ್ಲೇ ಜಾರುವ ಕ್ಲಚ್ ಇದ್ದರೆ ಅದನ್ನೂ ಮೊದಲು ನೋಡಬೇಕು. ರೋಟವೇಟರು ಸರಿಯಾಗಿ ತಿರುಗಿ, ಟ್ರೇಲರಿಗೆ ಜಾರಿದರೆ ಮುಖ್ಯ ಕ್ಲಚ್ಚಿನ ದೋಷ. ಎಂಜಿನ್ ನಿಲ್ಲಿಸದೆ, ತಿರುಗುವುದು ಪೂರ್ತಿ ನಿಲ್ಲದೆ ಪಿ.ಟಿ.ಓ. ಷಾಫ್ಟಿನ ಹತ್ತಿರ ಹೋಗಲೇಬೇಡಿ. ಪಂಚೆಯ ತುದಿ, ಟವೆಲ್ಲಿನ ತುದಿ, ಸೀರೆಯ ಸೆರಗು ಯಾವುದನ್ನೂ ಅದು ಬಿಡುವುದಿಲ್ಲ.

ಪವರ್ ಟಿಲ್ಲರ್ ಇಟ್ಟುಕೊಂಡಿರುವ ಚಿಕ್ಕ ಹಿಡುವಳಿದಾರರೂ ಇಲ್ಲಿದ್ದೀರಿ. 1967ರಲ್ಲಿ ಬೆಂಗಳೂರಿನಲ್ಲಿ ವಿ.ಎಸ್.ಟಿ. ಕಂಪೆನಿ ಸ್ಥಾಪನೆಯಾದಂದಿನಿಂದ ಈ ಯಂತ್ರದ ಹೆಸರು ನಮ್ಮ ಕಡೆ ಪರಿಚಿತವೇ. ಇದರಲ್ಲಿ ಎಂಜಿನ್ನಿನ ಬಲ ಬೆಲ್ಟುಗಳ ಮೂಲಕ ಕ್ಲಚ್ಚಿಗೆ ಬರುತ್ತದೆ. ಬೆಲ್ಟು ಸಡಿಲವಾದರೂ ಕ್ಲಚ್ ಜಾರಿದ ಹಾಗೆಯೇ ಕಾಣುತ್ತದೆ. ಕೀರಲು ಸದ್ದು, ಮುಚ್ಚಳದೊಳಗೆ ಕಪ್ಪು ರಬ್ಬರಿನ ಪುಡಿ ಕಂಡರೆ ಮೊದಲು ಬೆಲ್ಟನ್ನು ಬಿಗಿಮಾಡಿ ನೋಡಿ, ಆಮೇಲೆ ಕ್ಲಚ್ಚಿನ ಮಾತು.

ದಿಬ್ಬದ ಮೇಲೆ ಜಾರಿದರೆ

ಇದನ್ನು ಎಲ್ಲಕ್ಕಿಂತ ಗಮನವಿಟ್ಟು ಕೇಳಿ. ಕಬ್ಬೋ ಕಲ್ಲೋ ತುಂಬಿದ ಟ್ರೇಲರ್ ಕಟ್ಟಿ ದಿಬ್ಬ ಏರುವಾಗ ಕ್ಲಚ್ ಜಾರಿದರೆ ಗಾಡಿ ಹಿಂದಕ್ಕೆ ಬರತೊಡಗುತ್ತದೆ. ನಮ್ಮ ಟ್ರೇಲರುಗಳಲ್ಲಿ ಬಹಳಷ್ಟಕ್ಕೆ ಬ್ರೇಕೇ ಇಲ್ಲ. ಟ್ರೇಲರು ಅಡ್ಡ ತಿರುಗಿ ಟ್ರಾಕ್ಟರನ್ನೇ ಉರುಳಿಸಬಲ್ಲದು. ಅಂಥ ಹೊತ್ತಿನಲ್ಲಿ ಆಕ್ಸಿಲರೇಟರ್ ಎಳೆದು ಹೋರಾಡಬೇಡಿ. ಜೋಡಿಸಿದ ಎರಡೂ ಬ್ರೇಕುಗಳನ್ನು ಒಟ್ಟಿಗೆ ಒತ್ತಿ, ಹ್ಯಾಂಡ್ ಬ್ರೇಕ್ ಹಾಕಿ. ಜತೆಯವನು ಬದಿಯಿಂದ ಬಂದು ಚಕ್ರಗಳ ಹಿಂದೆ ಕಲ್ಲು ಕೊಡಲಿ. ಟ್ರೇಲರಿನ ನೇರ ಹಿಂದೆ ಯಾರೂ ನಿಲ್ಲಬಾರದು. ಭಾರ ಇಳಿಸಿ, ಇನ್ನೊಂದು ಟ್ರಾಕ್ಟರನ್ನು ಕರೆಸಿ. ಜಾರುವ ಕ್ಲಚ್ಚಿನ ಗಾಡಿಯಲ್ಲಿ ಹೇರು ತುಂಬಿ ದಿಬ್ಬ ಹತ್ತಿಸುವುದೂ, ಅದರ ಮೇಲೆ ಜನರನ್ನು ಕೂರಿಸುವುದೂ ಮಹಾ ಅಪರಾಧ. ಟ್ರಾಕ್ಟರನ್ನು ರಿಪೇರಿ ಮಾಡಬಹುದು, ಮನೆಯ ಮಗನನ್ನು ಮಾಡಲಾಗದು.

ಬಿಚ್ಚಲೇಬೇಕಾದಾಗ

ನಡು ಬಿಚ್ಚುವುದೇ ದೊಡ್ಡ ಕೆಲಸ, ದೊಡ್ಡ ಕೂಲಿ. ಆದುದರಿಂದ ಒಮ್ಮೆ ಬಿಚ್ಚಿದ ಮೇಲೆ ಪ್ಲೇಟನ್ನಷ್ಟೇ ನೋಡಿ ಮುಚ್ಚಬಾರದು. ಪ್ರೆಷರ್ ಪ್ಲೇಟು ನೀಲಿಗಟ್ಟಿದೆಯೇ, ಫಿಂಗರುಗಳು ಒಂದೇ ಮಟ್ಟದಲ್ಲಿವೆಯೇ, ರಿಲೀಸ್ ಬೇರಿಂಗು ಸದ್ದಿಲ್ಲದೆ ತಿರುಗುತ್ತದೆಯೇ, ಎರಡು ಕಡೆಯ ಸೀಲುಗಳು ಒಣಗಿವೆಯೇ, ಫ್ಲೈವೀಲಿನ ಮುಖ ನುಣುಪಾಗಿದೆಯೇ ಎಂದು ನೀವೇ ನಿಂತು ನೋಡಿ. ಚಿಕ್ಕ ಬೇರಿಂಗನ್ನು, ಸೀಲನ್ನು ಉಳಿಸುವುದಕ್ಕೆ ಹೋಗಿ ಎರಡನೆಯ ಸಲ ನಡು ಬಿಚ್ಚಿಸಿದವರನ್ನು ನಾನು ಕಂಡಿದ್ದೇನೆ.

ಕೆಲಸಕ್ಕೆ ಮೊದಲು ಖರ್ಚಿನ ಅಂದಾಜನ್ನು ಬರಹದಲ್ಲಿ ಕೇಳಿ. ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಒಳ್ಳೆಯ ಮೇಸ್ತ್ರಿ ಇದಕ್ಕೆ ಬೇಸರ ಪಡುವುದಿಲ್ಲ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಪುಡಿ ಶ್ವಾಸಕೋಶಕ್ಕೆ ಕೇಡು. ಒಳಗಿನ ಧೂಳನ್ನು ಗಾಳಿಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಹೊಸ ಪ್ಲೇಟು ಹಾಕಿದ ಮೇಲೆ ಮೊದಲ ಕೆಲವು ದಿನ ಹಗುರ ಕೆಲಸ ಕೊಟ್ಟು, ಪ್ಲೇಯನ್ನು ಮತ್ತೊಮ್ಮೆ ಅಳೆಯಿರಿ.

ಬಾರದಂತೆ ನೋಡಿಕೊಳ್ಳುವುದು

ಎಷ್ಟೋ ಕ್ಲಚ್ಚುಗಳು ಹಾಳಾಗುವುದು ಚಾಲಕನ ಎಡಗಾಲಿನಿಂದ. ಪೆಡಲಿನ ಮೇಲೆ ಕಾಲು ಇಟ್ಟುಕೊಂಡೇ ಓಡಿಸುವ ಅಭ್ಯಾಸ ಬಿಡಬೇಕು. ದಿಬ್ಬದಲ್ಲಿ ಗಾಡಿಯನ್ನು ಅರ್ಧ ಕ್ಲಚ್ಚಿನ ಮೇಲೆ ನಿಲ್ಲಿಸಬಾರದು; ಅದಕ್ಕೆ ಬ್ರೇಕ್ ಇದೆ. ಭಾರ ಇದ್ದಾಗ ಚಿಕ್ಕ ಗೇರಿನಲ್ಲಿ ಹೊರಡಬೇಕು. ಎಂಜಿನ್ನನ್ನು ಜೋರು ಮಾಡಿ ಕ್ಲಚ್ಚನ್ನು ಹಠಾತ್ತನೆ ಬಿಡಬಾರದು. ಗುಂಡಿಯಲ್ಲಿ ಸಿಕ್ಕಿದ ಗಾಡಿಯನ್ನು ಕ್ಲಚ್ಚಿನಿಂದ ಎಳೆದಾಡಬಾರದು. ಗುದ್ದಲಿಯಿಂದ ದಾರಿ ಮಾಡಬೇಕು. ಬಾಡಿಗೆಗೆ ಚಾಲಕನನ್ನು ಇಟ್ಟಿದ್ದರೆ ಈ ಮಾತುಗಳನ್ನು ಅವನಿಗೂ ಕೂರಿಸಿ ಹೇಳಿ. "ಏನಪ್ಪಾ, ಕಾಲು ಎಲ್ಲಿದೆ?" ಎಂದು ದಿನಕ್ಕೊಮ್ಮೆ ಕೇಳಿದರೂ ಸಾಕು.

ಕೊನೆಯದಾಗಿ, ಒಂದು ಚಿಕ್ಕ ಪುಸ್ತಕವನ್ನು ಟ್ರಾಕ್ಟರಿನ ಪೆಟ್ಟಿಗೆಯಲ್ಲಿ ಇಡಿ. ಹದಿನೈದು ದಿನಕ್ಕೊಮ್ಮೆ ತಾರೀಖು, ಗಂಟೆ ಮೀಟರಿನ ಅಂಕಿ, ಪೆಡಲಿನ ಪ್ಲೇ ಎಷ್ಟು ಎಂಬ ಮೂರನ್ನೇ ಬರೆಯಿರಿ. ಶಾಲೆಗೆ ಹೋಗುವ ಮಗಳೋ ಮಗನೋ ಬರೆಯಲಿ. ಪ್ಲೇ ಬೇಗ ಬೇಗ ಇಳಿಯುತ್ತ ಬಂದರೆ ಪ್ಲೇಟು ಮುಗಿಯುತ್ತಿದೆ ಎಂದು ಆ ಪುಸ್ತಕವೇ ತಿಂಗಳುಗಳ ಮೊದಲು ಹೇಳುತ್ತದೆ. ಆಗ ಬೇಸಿಗೆಯಲ್ಲಿ, ಕೆಲಸವಿಲ್ಲದ ಕಾಲದಲ್ಲಿ, ನಿಧಾನವಾಗಿ ರಿಪೇರಿ ಮಾಡಿಸಬಹುದು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕುವ ಗತಿ ಬರುವುದಿಲ್ಲ.

ಬಾಂಧವರೆ, ಸಭೆ ಮುಗಿದ ಮೇಲೆ ಹೊರಗೆ ನಿಂತಿರುವ ಟ್ರಾಕ್ಟರಿನ ಬಳಿಗೆ ಎಲ್ಲರೂ ಬನ್ನಿ. ಅಳತೆಪಟ್ಟಿ ತಂದಿದ್ದೇನೆ. ನೀವೇ ಪೆಡಲನ್ನು ಒತ್ತಿ, ನೀವೇ ಅಳೆದು ನೋಡಿ. ನಂತರ ಮನೆಗೆ ಹೋಗಿ ಇಂದೇ ನಿಮ್ಮ ಟ್ರಾಕ್ಟರಿನ ಪೆಡಲನ್ನು ಅಳೆಯಿರಿ. ಮಳೆ ಬಂದ ದಿನ ನಿಮ್ಮ ನೇಗಿಲು ಹೊಲದಲ್ಲಿ ಇರಬೇಕೇ ಹೊರತು ನಿಮ್ಮ ಟ್ರಾಕ್ಟರು ನನ್ನ ಷೆಡ್ಡಿನಲ್ಲಿ ಇರಬಾರದು. ನನಗೆ ಗಿರಾಕಿ ಕಡಿಮೆಯಾದರೂ ಚಿಂತೆಯಿಲ್ಲ.